ಮಾಳಿಗೆಯ ಗಿಡಕ್ಕೆ ಕ್ಯಾಲ್ಸಿಯಂ

ಶಿರಹಟ್ಟಿಯ ಹುಚ್ಚೀರಪ್ಪ ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತನಾದದ್ದೇ ತಡ, ಅವನ ನಿದ್ದೆಯೂ ನಿವೃತ್ತಿ ತೆಗೆದುಕೊಂಡಿತು. ಬಸ್ಸಿನ ಕುಲುಕಾಟದಲ್ಲಿ ಕಂಬ ಹಿಡಿದು ನಿಂತಲ್ಲೇ ತೂಕಡಿಸುತ್ತಿದ್ದವನಿಗೆ ಈಗ ಮೆತ್ತನೆಯ ಗಾದಿಯ ಮೇಲೆ ಕಣ್ಣೇ ಹತ್ತುತ್ತಿರಲಿಲ್ಲ. ಹಿರೇವಡ್ಡಟ್ಟಿಯ ಗೆಳೆಯ ಮೈಲಾರಲಿಂಗಪ್ಪನ ಮುಂದೆ ಗೋಳು ತೋಡಿಕೊಂಡಾಗ ಅವನು ಬಾಯಿತಪ್ಪಿ, "ಗಾಂಜಾ ಎಲಿ ಕುದಿಸಿ ಕುಡದ್ರ ಕುಂಭಕರ್ಣನ ನಿದ್ದಿ ಬರ್ತೈತಿ ಅಂತಾರಪಾ" ಎಂದುಬಿಟ್ಟ. ಹುಚ್ಚೀರಪ್ಪ ಬೇತಾಳನಂತೆ ಬೆನ್ನು ಹತ್ತಿದ. ಕೊನೆಗೆ ಬೇಸತ್ತ ಮೈಲಾರಲಿಂಗಪ್ಪ ಕಾಗದದಲ್ಲಿ ಸುತ್ತಿದ ನಾಲ್ಕು ಬೀಜ ಕೈಗಿಟ್ಟು, "ಯಾರ ಮುಂದೂ ಬಾಯಿ ಬಿಡಬ್ಯಾಡ" ಎಂದ.

ಹೆಂಡತಿ ಸಿದ್ದಲಿಂಗವ್ವನಿಗೆ ಮೊಣಕಾಲು ನೋವು. ಅವಳು ಮಾಳಿಗೆ ಹತ್ತುವ ಮಾತೇ ಇರಲಿಲ್ಲ. ಆದರೆ ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗಿದ್ದವನು ಲೋಹಿತ, ಠಾಣೆಯ ಹೊಸ ಪೊಲೀಸ್ ಪೇದೆ. ಅವನು ಡ್ಯೂಟಿಗೆ ಹೋದ ಹೊತ್ತು ನೋಡಿ ಹುಚ್ಚೀರಪ್ಪ ನೀರಿನ ಟಾಕಿಯ ಹಿಂದೆ, ಒಡೆದ ಬಕೀಟಿನಲ್ಲಿ ಬೀಜ ಹಾಕಿದ. ಒಂದು ಮೊಳೆಯಿತು. ಕೆಲವು ವಾರಗಳಲ್ಲಿ ಎಲೆಗಳು ಕೈಬೆರಳಿನಂತೆ ಸೀಳಿಕೊಂಡು ಬಂದವು. ಮೊಬೈಲಿನಲ್ಲಿ ಕಂಡ ಗಾಂಜಾ ಗಿಡದ ಹಾಗೇ ಇತ್ತು. ಅವನ ಎದೆ ಹೆಮ್ಮೆಯಿಂದಲೂ ಹೆದರಿಕೆಯಿಂದಲೂ ಒಟ್ಟಿಗೇ ಬಡಿದುಕೊಂಡಿತು.

ಅಷ್ಟರಲ್ಲಿ ಕೆಳಗಿನ ಎಲೆಗಳು ಹಳದಿಯಾಗತೊಡಗಿದವು. ನರಗಳಷ್ಟೇ ಹಸಿರು. ತುದಿಯ ಚಿಗುರು ಸೊಟ್ಟಗಾಗಿ ಕಂದು ಚುಕ್ಕಿ ಬಿತ್ತು. ಗಾಂಜಾ ಬೆಳೆಯುವ ಯಾವನೋ ಮೊಬೈಲಿನ ವಿಡಿಯೋದಲ್ಲಿ ಹಿಂದಿಯಲ್ಲಿ ಹೇಳಿದ: ಗಿಡಕ್ಕೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕಡಿಮೆಯಾಗಿದೆ, 'ಕ್ಯಾಲ್-ಮ್ಯಾಗ್' ಕೊಡಿ.

ಶಿರಹಟ್ಟಿಯಲ್ಲಿ ಕೇಳಿದರೆ ಊರೆಲ್ಲ ಸುದ್ದಿಯಾದೀತೆಂದು ಅವನು ಬಸ್ ಹತ್ತಿ ಲಕ್ಷ್ಮೇಶ್ವರಕ್ಕೆ ಹೋದ. ಅಲ್ಲಿ ಗುಡುಸಾಬನ ಗೊಬ್ಬರದ ಅಂಗಡಿ. ಗುಡುಸಾಬ ನೋಡಿದೊಡನೆ ಗುರುತು ಹಿಡಿದ.

"ಬರ್ರಿ ಕಂಡಕ್ಟರ್ ಸಾಹೇಬ್ರ! ಯಾವ ಬೆಳಿಗಿ ಬೇಕಿತ್ರಿ?"

"ಮೆಣಸಿನಗಿಡಕ್ಕ."

"ಎಷ್ಟ ಎಕರೆ ಹಚ್ಚೀರಿ?"

ಹುಚ್ಚೀರಪ್ಪ ಇದಕ್ಕೆ ತಯಾರಾಗಿರಲಿಲ್ಲ. "ಒಂದ..."

"ಒಂದ ಎಕರೆ?"

"ಒಂದ ಗಿಡ."

ಅಂಗಡಿಯಲ್ಲಿ ಕುಳಿತಿದ್ದ ರೈತರು ಚಹಾ ಕುಡಿಯುವುದನ್ನು ನಿಲ್ಲಿಸಿದರು. ಗುಡುಸಾಬ ಮಾತ್ರ ನಗಲಿಲ್ಲ. ಮನೆಯಲ್ಲಿ ಏನೋ ಕಷ್ಟವಿರಬೇಕೆಂದು ಕನಿಕರಪಟ್ಟು ಎರಡು ಸಣ್ಣ ಪೊಟ್ಟಣ ಕಟ್ಟಿಕೊಟ್ಟ. "ಇದು ಕ್ಯಾಲ್ಸಿಯಂ ನೈಟ್ರೇಟ್. ಇದು ಮೆಗ್ನೀಸಿಯಂ ಸಲ್ಫೇಟ್. ಎರಡನ್ನೂ ಒಂದ ಡಬ್ಬ್ಯಾಗ ಕಲಸಬ್ಯಾಡ್ರಿ, ಅವಕ್ಕ ಆಗಿಬರೂದಿಲ್ಲ. ಇವತ್ತ ಒಂದ, ಮುಂದಿನ ವಾರ ಒಂದ."

ಮುಂದಿನ ವಾರದವರೆಗೆ ಕಾಯುವ ತಾಳ್ಮೆ ಯಾರಿಗಿತ್ತು? ಮನೆಗೆ ಬಂದವನೇ ಎರಡರಲ್ಲೂ ಅರ್ಧರ್ಧ ಪುಡಿಯನ್ನು ಒಂದೇ ತಂಬಿಗೆ ನೀರಿಗೆ ಸುರಿದು ಗಟ್ಟಿಯಾಗಿ ಕಲಸಿದ. ನೀರು ಬೆಳ್ಳಗೆ ಕದಡಿ, ತಳದಲ್ಲಿ ಸುಣ್ಣದಂಥ ಗಸಿ ಕೂತಿತು. ಸಿದ್ದಲಿಂಗವ್ವ ಇಣುಕಿ, "ಅಲ್ರಿ, ಮಜ್ಜಿಗಿ ಯಾವಾಗ ಮಾಡಿದ್ರಿ?" ಎಂದು ಲೋಟ ಹಿಡಿದು ಬಂದಳು. ಹುಚ್ಚೀರಪ್ಪ ತಂಬಿಗೆಯನ್ನು ಎದೆಗವಚಿಕೊಂಡು ಬಚ್ಚಲಿಗೆ ಓಡಿ ಸುರಿದ. ಉಳಿದ ಪುಡಿಯನ್ನು ಗುಡುಸಾಬ ಹೇಳಿದ ಹಾಗೇ ಬೇರೆ ಬೇರೆಯಾಗಿ ಕೊಟ್ಟ.

ಗಿಡ ಬದಲಾಯಿತು. ಹೊಸ ಎಲೆಗಳು ಅಂಗೈಯಗಲ, ಕಡು ಹಸಿರು. ಟಾಕಿಯನ್ನೂ ಮೀರಿ ಎತ್ತರವಾದಾಗ ಅದಕ್ಕೆ ಹೆಂಡತಿಯ ಹಳೆಯ ಇಳಕಲ್ ಸೀರೆ ಹೊದಿಸಿದ. ದೂರದಿಂದ ನೋಡಿದರೆ ಯಾರೋ ಮುತ್ತೈದೆ ಸೆರಗು ಹೊದ್ದು ನಿಂತಂತೆ ಕಾಣುತ್ತಿತ್ತು.

ಒಂದು ಮುಂಜಾನೆ ಲೋಹಿತ ಬಟ್ಟೆ ಒಣಹಾಕಲು ಬಂದವನು ಟಾಕಿಯ ಹಿಂದೆ ನಿಂತಿದ್ದ ಹೆಂಗಸನ್ನು ಕಂಡು, "ಯಾರ್ರೀ ಅಕ್ಕಾರ?" ಎಂದು ಕೇಳಿದ. ಉತ್ತರ ಬರಲಿಲ್ಲ. ಹತ್ತಿರ ಹೋಗಿ ಸೀರೆ ಸರಿಸಿದ. ಅದೇ ಹೊತ್ತಿಗೆ ನೀರಿನ ಕೊಡ ಹಿಡಿದು ಮೇಲೆ ಬಂದ ಹುಚ್ಚೀರಪ್ಪ ಕೊಡ ಕೆಳಗಿಟ್ಟು ಕೈ ಮುಗಿದ. ದಿನವೂ "ತಮ್ಮಾ" ಎಂದು ಕರೆಯುತ್ತಿದ್ದವನ ಬಾಯಲ್ಲಿ ಬೇರೆಯೇ ಮಾತು ಬಂತು.

"ಸಾಹೇಬ್ರ, ತಪ್ಪಾತ್ರಿ! ಮಾರಾಕಲ್ರಿ, ನಿದ್ದಿಗಂತ ಒಂದ ಗಿಡ ಹಚ್ಚೀನಿ. ಬೇಕಾದ್ರ ನನ್ನ ಒಯ್ರಿ, ನನ್ನ ಹೇಣ್ತಿಗೆ ಏನೂ ಗೊತ್ತಿಲ್ರಿ!"

ಲೋಹಿತ ಒಮ್ಮೆ ಅವನನ್ನು, ಒಮ್ಮೆ ಗಿಡವನ್ನು ನೋಡಿದ. ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಂಡ. ಹುಳಿಗೆ ಒಂದು ಕಣ್ಣು ಮುಚ್ಚಿತು.

"ಕಾಕಾರ, ಇದು ಏನಂತ ತಿಳದೀರಿ?"

"ಗಾಂಜಾ..."

"ಇದು ಪುಂಡಿ ರೀ! ಪುಂಡಿಪಲ್ಲೆ! ನಮ್ಮೂರು ಯಳವತ್ತಿ ಹೊಲದಾಗ ಬದುವಿನ ತುಂಬ ಬೆಳದಿರ್ತೈತಿ."

ಹುಚ್ಚೀರಪ್ಪ ಜನ್ಮವಿಡೀ ಪುಂಡಿಯೆಂಬ ಹುಳಿಸೊಪ್ಪನ್ನು ತಟ್ಟೆಯಲ್ಲಿ ಮಾತ್ರ ಕಂಡವನು. ಬದುಕಿದೆನೆಂದು ನಗಬೇಕೋ, ಇಷ್ಟು ದಿನ ಹೆದರಿದ್ದಕ್ಕೆ ಅಳಬೇಕೋ ತಿಳಿಯಲಿಲ್ಲ. ಲೋಹಿತ ಮುಖ ಬಿಗಿದು, "ಖರೇನ ಗಾಂಜಾ ಆಗಿದ್ರ ಒಂದ ಗಿಡಕ್ಕೂ ಕೇಸ್ ಆಕ್ಕಿತ್ರಿ. ಇನ್ನ ಇಂಥಾ ಹುಚ್ಚ ಕೆಲಸ ಮಾಡಬ್ಯಾಡ್ರಿ" ಎಂದು ಗದರಿಸಿ, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಹೊಟ್ಟೆ ಹಿಡಿದು ನಕ್ಕ. ನಗು ಕೆಳಗಿನ ಅಡುಗೆಮನೆಯವರೆಗೂ ಕೇಳಿಸಿತು.

ಹುಚ್ಚೀರಪ್ಪ ಸಿಟ್ಟಿನಿಂದ ಮೈಲಾರಲಿಂಗಪ್ಪನಿಗೆ ಫೋನ್ ಹಚ್ಚಿದ. "ಲೇ, ಪುಂಡಿ ಬೀಜ ಕೊಟ್ಟು ಮಂಗ್ಯಾ ಮಾಡಿದೇನಲೇ?"

"ಮತ್ತೇನ ಮಾಡ್ಲಿ?" ಎಂದ ಮೈಲಾರಲಿಂಗಪ್ಪ. "ಪೊಲೀಸ್ರ ಕಂಡ್ರ ನೀ, ಅವ್ರು ಕೇಳೂಕಿಂತ ಮೊದಲ ಎಲ್ಲಾ ಹೇಳಿಬಿಡಾಂವ. ನಿನ್ನ ಜೋಡಿ ನಾನೂ ಜೈಲಿಗೆ ಬರ್ಲೇನ?"

ಹುಚ್ಚೀರಪ್ಪ ಫೋನ್ ಇಟ್ಟ.

ಗುಟ್ಟು ಸಿದ್ದಲಿಂಗವ್ವನಿಗೂ ತಿಳಿಯಿತು. ಅವಳು ಬಯ್ಯಲಿಲ್ಲ. ಗಂಡನ ಕೈಯಲ್ಲೇ ಎಲೆ ಕೀಳಿಸಿ, ಕಡ್ಲಿಬ್ಯಾಳಿ, ಬಳ್ಳೊಳ್ಳಿ ಹಾಕಿ ಪಲ್ಯ ಮಾಡಿದಳು. ಲೋಹಿತನನ್ನೂ ಊಟಕ್ಕೆ ಕರೆದಳು. ಪಕ್ಕದ ಮನೆಯ ಸಾವಂತ್ರೆವ್ವನಿಗೆ ಒಂದು ಬಟ್ಟಲು ಹೋಯಿತು. ಆಕೆ ಬಟ್ಟಲು ಮರಳಿಸಲು ಬಂದವಳು, "ಎಲಿ ಏನ್ ದಪ್ಪ ಬಂದಾವ್ರಿ ಅಣ್ಣಾರ! ಏನ ಹಾಕಿದ್ರಿ?" ಎಂದು ಕೇಳಿದಳು.

ಹುಚ್ಚೀರಪ್ಪ ರೊಟ್ಟಿ ಕೆಳಗಿಟ್ಟು ನೆಟ್ಟಗೆ ಕುಳಿತ. ಹಳೆಯ ಕಂಡಕ್ಟರನ ದನಿಯಲ್ಲಿ, "ಕ್ಯಾಲ್ಸಿಯಂ, ಮೆಗ್ನೀಸಿಯಂ. ಬ್ಯಾರೆ ಬ್ಯಾರೆ ಹಾಕಬೇಕ್ರಿ ತಂಗಿ, ಕೂಡಿಸಿದ್ರ ಮಜ್ಜಿಗಿ ಆಕ್ಕೈತಿ" ಎಂದ.