ಚಿನ್ನದ ಫಲಕ ಮತ್ತು ಕಾಮಕಸ್ತೂರಿಯ ಎಲೆ

ನನ್ನ ಗಂಡ ನೆಕುಲಾಯ್ ತೀರಿಕೊಂಡ ನಲವತ್ತನೆಯ ದಿನ ಶನಿವಾರ ಬಂತು. ಬೆಳಿಗ್ಗೆ ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿಸಿ, ಬೇಯಿಸಿದ ಸಿಹಿ ಗೋಧಿಯನ್ನು ನೆಂಟರಿಗೆ ಹಂಚಿ, ನಾನು ನೇರವಾಗಿ ಕೆಲಸಕ್ಕೆ ಹೋದೆ. ರಜೆ ಕೇಳಿದ್ದರೆ ಕೊಡುತ್ತಿದ್ದರು. ಆದರೆ ಅಂದು ದೊಡ್ಡ ಚೇಂಬರನ್ನು ತೆರೆದು ಒರೆಸುವ ದಿನ. ನಮ್ಮೂರು ಮಗುರೆಲೆಯ ಲೇಸರ್ ಪ್ರಯೋಗಾಲಯದಲ್ಲಿ ಕನ್ನಡಿ ಒರೆಸುವ ಕೆಲಸಕ್ಕೆ ನನ್ನಷ್ಟು ಹಳಬರು ಬೇರೆ ಯಾರೂ ಇಲ್ಲ.

ಆ ಚೇಂಬರಿನೊಳಗೆ ಮೇಜಿನಷ್ಟು ಅಗಲದ ಒಂದು ಚಿನ್ನದ ಫಲಕವಿದೆ. ಅದರ ಮೈತುಂಬ ಕಣ್ಣಿಗೆ ಕಾಣದ ಗೆರೆಗಳು. ಲೇಸರಿನ ಬೆಳಕು ಅದಕ್ಕೆ ತಾಗಿ, ನಮ್ಮ ಎಣಿಕೆಗೆ ಸಿಗದಷ್ಟು ಅಲ್ಪಕಾಲದ ಒಂದು ಮಿಂಚಾಗಿ ಹೊರಡುತ್ತದೆ. ಸುತ್ತಲಿನ ಕನ್ನಡಿಗಳನ್ನು ಒರೆಸಬಹುದು, ಆ ಫಲಕವನ್ನು ಮುಟ್ಟುವಂತಿಲ್ಲ. ಅದರ ಮೇಲೆ ಒಂದು ಕಣ ಧೂಳು ಕೂತಿದ್ದರೂ ಮಿಂಚು ಆ ಧೂಳನ್ನು ಅಲ್ಲೇ ಸುಟ್ಟು ಕಲೆ ಮಾಡುತ್ತದೆ. ಕಲೆ ದಿನದಿನಕ್ಕೆ ಹಬ್ಬುತ್ತದೆ. ಹೊಸ ಫಲಕ ಬರಲು ಒಂದೂವರೆ ವರ್ಷ ಬೇಕು.

ನಾಲ್ಕು ಗಂಟೆಗೆ ಕೆಲಸ ಮುಗಿಯಿತು. ಚೇಂಬರ್ ಮುಚ್ಚಿ, ಒಳಗಿನ ಗಾಳಿಯನ್ನೆಲ್ಲ ಹೊರಗೆಳೆಯುವ ಪಂಪು ಹಾಕಿದರು. ನಾನು ಬಟ್ಟೆ ಬದಲಾಯಿಸುವ ಕೋಣೆಗೆ ಬಂದು, ಮೈಯ ಧೂಳು ಹೊರಬೀಳದಂತೆ ಹಾಕುವ ಬಿಳಿ ಅಂಗಿ ಬಿಚ್ಚಿದೆ. ಒಳಗಿನ ರವಿಕೆಯಲ್ಲಿ ಎದೆಗೆ ಒತ್ತಿ ಇಟ್ಟುಕೊಂಡಿದ್ದ ಕಾಮಕಸ್ತೂರಿಯ ಒಣ ಕಡ್ಡಿಯನ್ನು ತೆಗೆದೆ. ಬೆಳಿಗ್ಗೆ ಪಾದ್ರಿಯವರು ಅದರಿಂದಲೇ ಪವಿತ್ರ ಜಲ ಚಿಮುಕಿಸಿ, ಕೊನೆಗೆ ನನ್ನ ಕೈಗೆ ಕೊಟ್ಟಿದ್ದ ಕಡ್ಡಿ ಅದು. ಅದರಲ್ಲಿ ಆರು ಎಲೆ ಇದ್ದವು. ಈಗ ಐದು.

ಮತ್ತೊಮ್ಮೆ ಎಣಿಸಿದೆ, ಐದೇ. ಬೆಂಚಿನ ಮೇಲೆ ಕೂತೆ. ಯಾರಿಗೂ ಹೇಳದೆ ಮನೆಗೆ ಹೋಗಬಹುದಲ್ಲ ಎಂಬ ಯೋಚನೆಯೂ ಬಂತು, ದೇವರು ಕ್ಷಮಿಸಲಿ. ಸೋಮವಾರ ನಮ್ಮ ಯುವ ವಿಜ್ಞಾನಿ ಇಲಿಂಕಾಳ ಪ್ರಯೋಗ. ಕೂದಲಿಗಿಂತ ತೆಳುವಾದ ಹಾಳೆಗೆ ಆ ಮಿಂಚು ತಾಗಿದರೆ ಹಾಳೆ ಉರಿಯುವ ಪ್ಲಾಸ್ಮಾ ಆಗುತ್ತದೆ, ಅದರಿಂದ ಹಾರುವ ಪ್ರೋಟಾನುಗಳಿಂದ ಮುಂದೆ ಕ್ಯಾನ್ಸರ್ ಗೆಡ್ಡೆಗಳಿಗೆ ಚಿಕಿತ್ಸೆ ಮಾಡಬಹುದೇ ಎಂದು ನೋಡುವುದು. ನಾಲ್ಕು ವರ್ಷ ಕಾದು ಅವಳಿಗೆ ಈ ಲೇಸರಿನಲ್ಲಿ ಎರಡು ವಾರ ಸಿಕ್ಕಿತ್ತು.

ಕಂಟ್ರೋಲ್ ರೂಮಿಗೆ ಹೋದೆ.

"ಅತ್ತೆ, ಇನ್ನೂ ಹೋಗಿಲ್ವಾ? ಮನೇಲಿ ನೆಂಟ್ರು ಕಾಯ್ತಾ ಇರ್ತಾರೆ," ಎಂದಳು ಇಲಿಂಕಾ. ಪ್ರಯೋಗಾಲಯದಲ್ಲಿ ಎಲ್ಲರೂ ನನ್ನನ್ನು ಅತ್ತೆ ಎಂದೇ ಕರೆಯುವುದು.

"ಪಂಪು ನಿಲ್ಸು ಮಗಳೇ."

"ಏನಂದ್ರಿ?"

"ಒಳಗೆ ಒಂದು ಎಲೆ ಬೀಳ್ಸಿದೀನಿ ಅನ್ಸುತ್ತೆ." ಅಂಗೈ ತೆರೆದು ಕಡ್ಡಿ ತೋರಿಸಿದೆ.

ಪಕ್ಕದ ಕುರ್ಚಿಯಿಂದ ನಮ್ಮ ಮುಖ್ಯಸ್ಥ ಡಾಕ್ಟರ್ ದ್ರಾಗೊಮಿರ್ ಎದ್ದು ಬಂದನು. ಗಟ್ಟಿ ದನಿಯ ಮನುಷ್ಯ.

"ಸಫ್ತಾ ಅತ್ತೆ, ಮುಖಕ್ಕೆ ಪೌಡರ್ ಹಾಕಿದಾಳೆ ಅಂತ ಆ ಫ್ರೆಂಚ್ ಹುಡುಗೀನ ಬಾಗಿಲಿಂದಾನೇ ವಾಪಸ್ ಕಳಿಸಿದ್ದು ಯಾರು?"

"ನಾನೇ."

"ಸಿಗರೇಟು ಸೇದಿ ಬಂದೆ ಅಂತ ನನ್ನನ್ನ ಅರ್ಧ ಗಂಟೆ ಹೊರಗೆ ನಿಲ್ಲಿಸಿದ್ದು?"

"ಅದೂ ನಾನೇ, ಡಾಕ್ಟ್ರೇ."

"ಮತ್ತೆ ನೀವೇ ತೋಟ ಕಟ್ಕೊಂಡು ಒಳಗೆ ಹೋಗ್ತೀರಾ?"

"ಮೇಲೆ ಕುತ್ತಿಗೆವರೆಗೂ ಅಂಗಿ ಮುಚ್ಚಿರುತ್ತಲ್ಲ, ಏನಾಗುತ್ತೆ ಅಂದ್ಕೊಂಡೆ."

"ಹಾಗಿದ್ರೆ ಬೀಳೋದು ಹೇಗೆ?" ಎಂದಳು ಇಲಿಂಕಾ. ಅವಳ ದನಿಯಲ್ಲಿ ಆಸೆ ಇತ್ತು. "ಬೀದೀಲೇ ಉದುರಿರಬಹುದಲ್ವಾ?"

"ಅಂಗಿ ಹಾಕೋವಾಗ ಆರೂ ಇತ್ತು. ಒಳಗೆ ಬಗ್ಗಿದಾಗ ಅವರ ನೆನಪು ಬಂದು ಉಸಿರು ಕಟ್ಟಿದ ಹಾಗಾಯ್ತು. ಕುತ್ತಿಗೆ ಜಿಪ್ಪು ಎರಡು ಬೆರಳು ಇಳಿಸ್ದೆ." ಈ ಮಾತು ಹೇಳುವುದು ಮೊದಲಿನದಕ್ಕಿಂತ ಕಷ್ಟವಾಯಿತು.

ದ್ರಾಗೊಮಿರ್ ಕಿಟಕಿಯ ಕಡೆ ತಿರುಗಿ ನಿಂತನು. ಆಮೇಲೆ ಗುಂಡಿ ಒತ್ತಿ ಪಂಪನ್ನು ತಾನೇ ನಿಲ್ಲಿಸಿದನು. ಒಳಗೆ ಮೆಲ್ಲಗೆ ಒಣ ಗಾಳಿ ತುಂಬಿಸಬೇಕು, ಬೆಳಗಾಗುತ್ತದೆ ಎಂದನು.

ಭಾನುವಾರ ನಾನು ಇಗರ್ಜಿಯ ಪೂಜೆಗೆ ಹೋಗಲಿಲ್ಲ. ಜೀವನದಲ್ಲಿ ಹಾಗೆ ತಪ್ಪಿಸಿದ್ದು ಕಡಿಮೆ. ತಲೆ ಎರಡು ಸಲ ತೊಳೆದು ಎಂಟು ಗಂಟೆಗೆ ಪ್ರಯೋಗಾಲಯದಲ್ಲಿದ್ದೆ. ಬೇರೆ ಯಾರಾದರೂ ಒಳಗೆ ಹೋಗಲಿ ಎಂದೆ.

"ನಿಮ್ಮಂಥ ಕಣ್ಣು ಬೇರೆ ಯಾರಿಗಿದೆ ಇಲ್ಲಿ? ಬನ್ನಿ, ಬನ್ನಿ. ಜೇಬು ಮಾತ್ರ ತೋರಿಸಿ ಬನ್ನಿ," ಎಂದನು ದ್ರಾಗೊಮಿರ್.

ಮುಚ್ಚಳ ಎತ್ತಿದರು. ಇಲಿಂಕಾ ದೀಪವನ್ನು ಓರೆಯಾಗಿ ಹಿಡಿದಳು. ಹಾಗೆ ಹಿಡಿದರೆ ಧೂಳಿನ ಕಣ ನಕ್ಷತ್ರದಂತೆ ಹೊಳೆಯುತ್ತದೆ. ಮೊದಲು ಫಲಕವನ್ನೇ ನೋಡಿದೆ, ಎಡದಿಂದ ಬಲಕ್ಕೆ, ಅಂಗೈ ಅಗಲ ಅಂಗೈ ಅಗಲವಾಗಿ. ಕೆಳಗಿನ ಮೂಲೆಯಲ್ಲಿ ಒಂದು ಚುಕ್ಕೆ ಹೊಳೆಯಿತು.

"ಅಲ್ಲಿದೆ," ಎಂದಳು ಇಲಿಂಕಾ. ದೀಪ ನಡುಗಿತು. ದೀಪದ ಜೊತೆಗೆ ಚುಕ್ಕೆಯೂ ನಡುಗಿತು.

"ಕೈ ಅಲ್ಲಾಡಿಸು," ಎಂದೆ.

ಅಲ್ಲಾಡಿಸಿದಳು. ಚುಕ್ಕೆ ಜಾರಿ ಪಕ್ಕಕ್ಕೆ ಹೋಯಿತು, ಮತ್ತೆ ಬಂತು. ಅದು ದೀಪದ ಪ್ರತಿಬಿಂಬ ಅಷ್ಟೆ. ಧೂಳು ಹಾಗೆ ಓಡಾಡುವುದಿಲ್ಲ.

ಕರ್ತನೇ ಕರುಣಿಸು ಎನ್ನುತ್ತ ಉಳಿದ ಭಾಗವನ್ನೂ ನೋಡಿ ಮುಗಿಸಿದೆ. ಚಿನ್ನ ಶುದ್ಧವಾಗಿತ್ತು. ಆದರೆ ಎಲೆ ಎಲ್ಲಿ? ಎಲೆ ಸಿಗದೆ ಮುಚ್ಚಿದರೆ, ಗಾಳಿ ಎಳೆಯುವಾಗ ಅದು ಹಾರಿ ಎಲ್ಲಿ ಬೇಕಾದರೂ ಕೂರಬಹುದು. ಮತ್ತೆ ಒಂದು ಗಂಟೆ ಹುಡುಕಿದೆವು. ಕೊನೆಗೆ ಫಲಕದ ಚೌಕಟ್ಟಿನ ಕಾಲಿನ ಹಿಂದೆ, ಉಕ್ಕಿನ ನೆಲದ ಮೇಲೆ, ಮಡಿಚಿಕೊಂಡು ಬಿದ್ದಿತ್ತು. ಚಿನ್ನಕ್ಕೂ ಅದಕ್ಕೂ ನಡುವೆ ಒಂದು ಗೇಣು. ಅಂಟುಪಟ್ಟಿ ಸುತ್ತಿದ ಕೋಲಿನ ತುದಿಗೆ ತಾಗಿಸಿ ಮೇಲೆತ್ತಿದೆ. ಒಂದು ಚೂರೂ ಮುರಿಯದೆ ಬಂತು.

"ಪೂರ್ತಿ ಇದೆಯಾ?" ಎಂದು ದ್ರಾಗೊಮಿರ್ ಹೊರಗಿನಿಂದ ಕೂಗಿದನು.

"ತೊಟ್ಟಿನ ಸಮೇತ," ಎಂದಳು ಇಲಿಂಕಾ. ಹೇಳಿ ಮುಗಿಸುವಷ್ಟರಲ್ಲಿ ಮುಖಗವಸಿನ ಒಳಗೇ ಅತ್ತುಬಿಟ್ಟಳು. "ಅತ್ತೆ, ನೀವು ಹೇಳದೇ ಇದ್ದಿದ್ರೆ ನಮಗೆ ಗೊತ್ತೇ ಆಗ್ತಿರಲಿಲ್ಲ."

"ಗೊತ್ತಾಗ್ತಿತ್ತು, ಸೋಮವಾರ," ಎಂದೆ. "ಮೂಗು ಒರೆಸ್ಕೋಬೇಡ, ಗ್ಲೌಸು ಕೊಳೆ ಆಗುತ್ತೆ."

ಪ್ರಯೋಗ ಬುಧವಾರಕ್ಕೆ ಹೋಯಿತು. ಬಾಗಿಲಿನ ಮೇಲೆ, ಪೌಡರ್, ಸೆಂಟು, ಸಿಗರೇಟು ಎಂದಿದ್ದ ಪಟ್ಟಿಯ ಕೊನೆಗೆ ದ್ರಾಗೊಮಿರ್ ಪೆನ್ನಿನಲ್ಲಿ ಕಾಮಕಸ್ತೂರಿ ಎಂದು ಸೇರಿಸಿದ್ದನು. ಅದರ ಕೆಳಗೆ ಸಹಿ ಹಾಕಲು ನನಗೇ ಹೇಳಿದನು. ಹಾಕಿದೆ.

ಬುಧವಾರ ಹತ್ತು ಗಂಟೆಗೆ ಮೊದಲ ಮಿಂಚು ಹೊರಟಿತು. ಸದ್ದಿಲ್ಲ, ಏನೂ ಇಲ್ಲ. ಪರದೆಯ ಮೇಲೆ ಹಾಳೆಯಿದ್ದ ಜಾಗ ಬೆಳ್ಳಗಾಯಿತು. ಅದರ ಹಿಂದಿಟ್ಟಿದ್ದ ಫಿಲ್ಮಿನಲ್ಲಿ ಪ್ರೋಟಾನುಗಳ ದುಂಡನೆಯ ಗುರುತು ಮೂಡಿತ್ತು. ಎಲ್ಲರೂ ಅದನ್ನು ನೋಡಲು ಮುತ್ತಿದರು. ನಾನು ಫಲಕದ ಕಡೆಗಿರುವ ಕ್ಯಾಮೆರಾದ ಪರದೆಯ ಮುಂದೆ ಕೂತು, ಮಿಂಚಿನ ಮೊದಲಿನ ಚಿತ್ರವನ್ನೂ ಆಮೇಲಿನದನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಿದೆ. ಎರಡೂ ಒಂದೇ ರೀತಿ ಇದ್ದವು.

ಅಂದು ಮನೆಗೆ ಬಂದಾಗ, ಎಷ್ಟೋ ದಿನಗಳ ಮೇಲೆ, ನನಗೆ ಹಸಿವಾಗಿತ್ತು. ಹುಳಿ ಸೂಪು ಬಿಸಿ ಮಾಡಿಕೊಂಡು ಎರಡು ಬಟ್ಟಲು ಉಂಡೆ.