ಚರ್ಮದ ಚಾಕು

ನನ್ನನ್ನು ಎಲ್ಲರೂ ಚಾಕು ಅನ್ನುತ್ತಾರೆ. ನಿಜ ಹೇಳಬೇಕೆಂದರೆ ನಾನು ಬರೀ ಹಿಡಿಕೆ, ಗೇಣಿಗಿಂತ ಚಿಕ್ಕದಾದ ಒಂದು ಉಕ್ಕಿನ ಪಟ್ಟಿ. ನನ್ನ ತುದಿಗೆ ಸಿಕ್ಕಿಸುವ ಅಲಗು ಪ್ರತಿ ಆಪರೇಷನ್ನಿಗೂ ಹೊಸದು. ಕೆಲಸ ಮುಗಿದರೆ ಅದು ಕಸದ ಡಬ್ಬಿಗೆ ಹೋಗುತ್ತದೆ, ಅದಕ್ಕೆ ಏನೂ ನೆನಪಿರುವುದಿಲ್ಲ. ನೆನಪಿಟ್ಟುಕೊಳ್ಳುವ ಕರ್ಮ ನನ್ನದು.

ನಾನು ಹುಟ್ಟಿದ್ದು ಬೆಂಕಿಯಲ್ಲಿ. ದಪ್ಪ ಕನ್ನಡಕದ ಕೆಲಸಗಾರನೊಬ್ಬ ನನ್ನನ್ನು ಚಕ್ರಕ್ಕೆ ಹಿಡಿದು ಉಜ್ಜಿ, ನನ್ನ ಮೈಯಲ್ಲಿ ತನ್ನ ಮುಖ ಕಾಣುತ್ತದೆಯೇ ಎಂದು ನೋಡಿದ. ಕಂಡಿತು. ಪಕ್ಕದ ರಾಶಿಗೆ ಎಸೆದ. ಅಲ್ಲಿಂದ ಹುಬ್ಬಳ್ಳಿಯ ಒಂದು ಎಲುಬಿನ ಆಸ್ಪತ್ರೆಗೆ ಬಂದೆ. ಬಂದ ಹೊಸತರಲ್ಲಿ ನನಗೆ ಜಂಬ ಸ್ವಲ್ಪ ಜಾಸ್ತಿಯೇ ಇತ್ತು. ಎಲ್ಲರಿಗಿಂತ ಮೊದಲು ನನ್ನನ್ನೇ ಕೇಳುತ್ತಿದ್ದರು ನೋಡಿ.

ಆದರೆ ಚರ್ಮ ಕೊಯ್ದ ಕೂಡಲೇ ನನ್ನನ್ನು ಮೂಲೆಯ ಬಟ್ಟಲಿಗೆ ಹಾಕಿಬಿಡುತ್ತಿದ್ದರು. ಒಳಗಿನ ಕೆಲಸಕ್ಕೆ ನನ್ನ ಜೋಡಿಯವನು, ನನ್ನಂಥದೇ ಇನ್ನೊಂದು ಚಾಕು, ಹೋಗುತ್ತಿದ್ದ. ನನಗೆ ಅವಮಾನವಾಗುತ್ತಿತ್ತು. ಡಾಕ್ಟರ ಕೈಗೆ ಸಲಕರಣೆ ಕೊಡುವ ಸಿಸ್ಟರ್ ಸುಲೋಚನಾ ಕಟ್ಟೀಮನಿ ಹೊಸ ಹುಡುಗಿಯರಿಗೆ ಪಾಠ ಹೇಳುವಾಗ ಕಾರಣ ತಿಳಿಯಿತು.

"ಚರ್ಮ ಎಷ್ಟ ತೊಳದ್ರೂ ಮ್ಯಾಲಷ್ಟ ಸ್ವಚ್ಛ ಆಗ್ತದ. ಕೂದಲ ಬುಡದಾಗ, ಎಣ್ಣಿ ಗ್ರಂಥಿಯೊಳಗ ಕ್ರಿಮಿ ಕುಂತಿರ್ತಾವ. ಭುಜದಾಗಂತೂ ಭಾಳ. ಅಲ್ಲೇ ಇದ್ರ ಏನೂ ಮಾಡಂಗಿಲ್ಲ. ಒಳಗ ಲೋಹದ ಕೀಲು ಕುಂಡ್ರಿಸ್ತೇವಲ್ಲ, ಅಲ್ಲಿ ಹೋದ್ರ ಮನಿ ಮಾಡ್ಕೊಂಡು ಕುಂಡ್ರತಾವ. ಅದಕ್ಕ ಚರ್ಮದ ಚಾಕು ಒಳಗ ಹೋಗಬಾರದು."

ಅಂದರೆ ನಾನು ಹೊಸ್ತಿಲಿನ ಆಳು. ಒಪ್ಪಿಕೊಂಡೆ.

ಒಂದು ಬೆಳಿಗ್ಗೆ ಫಕೀರವ್ವ ಬಂದಳು. ಅರವತ್ತೆರಡು ವರ್ಷ. ಸ್ವಂತ ಖಾನಾವಳಿ ನಡೆಸುವವಳು. ರೊಟ್ಟಿ ಬಡಿದು ಬಡಿದು ಬಲಭುಜ ಸವೆದುಹೋಗಿತ್ತು, ಲೋಹದ ಕೀಲು ಕೂರಿಸಬೇಕಿತ್ತು. ಮೇಜಿನ ಮೇಲೆ ಮಲಗಿಯೇ ಮಾತಾಡಿದಳು.

"ಡಾಕ್ಟರ, ನನಗ ಮತ್ತೇನೂ ಬ್ಯಾಡ್ರಿ. ಈ ಕೈಲೆ ರೊಟ್ಟಿ ಬಡಿಯಂಗಾದ್ರ ಸಾಕು. ಇನ್ನೊಬ್ಬರು ಬಡಿದ ರೊಟ್ಟಿ ತಿಂದಾಕಿ ಅಲ್ಲ ನಾ."

"ಮದಲ್ನೇ ರೊಟ್ಟಿ ನನಗ ಮತ್ತ," ಎಂದು ಡಾಕ್ಟರ್ ಹಳ್ಳಿಕೇರಿ ನಕ್ಕರು.

ಒಂದೇ ಗೆರೆಯಲ್ಲಿ ಚರ್ಮ ಕೊಯ್ದೆ. ಬಟ್ಟಲಿಗೆ ಬಿದ್ದೆ. ಆಗಲೇ ನನ್ನ ಜೋಡಿಯವನು ಸುಲೋಚನಾಳ ಕೈಜಾರಿ ಠಣ್ ಎಂದು ನೆಲಕ್ಕೆ ಬಿದ್ದ. ನೆಲಕ್ಕೆ ಬಿದ್ದದ್ದನ್ನು ಮುಟ್ಟುವಂತಿಲ್ಲ. ಇನ್ನೊಂದು ಚಾಕುವಿನ ಪೊಟ್ಟಣ ಬಿಚ್ಚಿ ಕೊಡಬೇಕಾದ ಸಿಸ್ಟರ್ ಲೋಹದ ಕೀಲಿನ ಪೆಟ್ಟಿಗೆ ತರಲು ಹೊರಗೆ ಹೋಗಿದ್ದಳು. ಡಾಕ್ಟರು ಗಾಯದಿಂದ ಕಣ್ಣೆತ್ತದೆ ಕೈ ಚಾಚಿದರು.

"ಚಾಕು."

ಆ ಕೋಣೆಯಲ್ಲಿ ಡಾಕ್ಟರು ಕೈ ಚಾಚಿದರೆ ಅಂಗೈಗೆ ಸಲಕರಣೆ ಬೀಳಬೇಕು, ಕಿವಿಗೆ ಮಾತು ಬೀಳಬಾರದು. ಇಪ್ಪತ್ತು ವರ್ಷದ ರೂಢಿ ಅದು. ಸುಲೋಚನಾ ನನ್ನನ್ನು ಬಟ್ಟಲಿನಿಂದ ಎತ್ತಿ, ಸ್ಪಿರಿಟ್ ಬಟ್ಟೆಯಿಂದ ಒರೆಸಿದಳು. ಅರ್ಧ ದಾರಿಯಲ್ಲಿ ಅವಳ ಕೈ ನಿಂತಿತು. ಗ್ಲೌಸಿನೊಳಗಿಂದಲೂ ನನಗೆ ಗೊತ್ತಾಯಿತು. ಆಮೇಲೆ ಮುಂದೆ ಹೋಯಿತು.

ನಾನು ಒಳಗೆ ಹೋದೆ. ಬೇಡ ಅನ್ನಲು ನನಗೆ ಬಾಯಿ ಎಲ್ಲಿತ್ತು?

ಆರು ತಿಂಗಳಿಗೆ ಬಿಳಿ ಬಟ್ಟೆಯಲ್ಲಿ ಕಟ್ಟಿದ ಜೋಳದ ರೊಟ್ಟಿ ಆಸ್ಪತ್ರೆಗೆ ಬಂದವು. ಫಕೀರವ್ವ ತಾನೇ ಬಡಿದದ್ದು. ನಮ್ಮನ್ನು ತೊಳೆಯುವ ಕೋಣೆಯಲ್ಲೇ ಎಲ್ಲರೂ ಹಂಚಿಕೊಂಡು ತಿಂದರು. ಸುಲೋಚನಾ ತನ್ನ ಪಾಲನ್ನು ಪಕ್ಕದವಳಿಗೆ ಕೊಟ್ಟುಬಿಟ್ಟಳು. ಹಸಿವಿಲ್ಲ ಎಂದಳು.

ವರ್ಷ ತುಂಬುವುದರೊಳಗೆ ಫಕೀರವ್ವನ ಭುಜ ಮತ್ತೆ ನೋಯತೊಡಗಿತು. ಜ್ವರವಿಲ್ಲ, ಬಾವಿಲ್ಲ, ಕೀವಿಲ್ಲ. ಸೂಜಿ ಹಾಕಿ ಕೀಲಿನ ನೀರು ತೆಗೆದು ಪರೀಕ್ಷೆಗೆ ಕಳಿಸಿದರು. ಐದು ದಿನವಾದರೂ ಏನೂ ಬೆಳೆಯಲಿಲ್ಲ. ಲ್ಯಾಬಿನವರು ಅದನ್ನು ಚೆಲ್ಲುವುದರಲ್ಲಿದ್ದರಂತೆ. ಸುಲೋಚನಾ ತಾನೇ ಲ್ಯಾಬಿಗೆ ಓಡಿ, "ಹದಿನಾಲ್ಕ ದಿನ ಇಡ್ರಿ, ಇದು ಭಾಳ ಸಾವಕಾಶ ಬೆಳಿಯೂ ಕ್ರಿಮಿ," ಎಂದಳು. ಹನ್ನೊಂದನೆಯ ದಿನ ಬೆಳೆಯಿತು.

ಅವತ್ತು ತೊಳೆಯುವ ಕೋಣೆಯಲ್ಲಿ ಅವಳು ಡಾಕ್ಟರಿಗೆ ಎಲ್ಲ ಹೇಳಿದಳು.

"ಅವತ್ತ ಯಾಕ ಹೇಳಲಿಲ್ಲ ಸುಲೋಚನಾ?"

"ನೀವು ಕೈ ಚಾಚಿದ್ರಿ, ಸರ್."

ಡಾಕ್ಟರು ತಮ್ಮ ಕೈಯನ್ನೇ ನೋಡಿಕೊಂಡರು. ಕ್ರಿಮಿ ಬೇರೆ ದಾರಿಯಿಂದಲೂ ಬಂದಿರಬಹುದು, ಇದೇ ಚಾಕು ಎಂದು ಆಣೆ ಮಾಡಿ ಹೇಳಲಾಗದು ಎಂದರು. ಇರಬಹುದು. ನಾನೇ ಎಂದು ಖಚಿತವಾಗಿದ್ದರೆ ಅತ್ತು ಮುಗಿಸುತ್ತಿದ್ದೆನೇನೋ. ಈ 'ಇರಬಹುದು' ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಲೋಹದ ಕೀಲನ್ನು ತೆಗೆದುಹಾಕಿದರು, ಮತ್ತೆ ಬೇರೆ ಕೂರಿಸಲಿಲ್ಲ. ಗಾಯ ಮಾಗಿದ ಮೇಲೆ ಸುಲೋಚನಾ ನನ್ನನ್ನು ಜೇಬಿನಲ್ಲಿಟ್ಟುಕೊಂಡು ಫಕೀರವ್ವನ ಹಾಸಿಗೆಯ ಬಳಿ ಹೋದಳು. ಡಾಕ್ಟರೂ ಹಿಂದೆಯೇ ಬಂದು ನಿಂತರು. ನಡೆದದ್ದನ್ನು ಒಂದೂ ಬಿಡದೆ ಹೇಳಿದಳು. ಫಕೀರವ್ವ ಎಡಗೈ ಚಾಚಿ ನನ್ನನ್ನು ಇಸಿದುಕೊಂಡು ಹೊರಳಿಸಿ ನೋಡಿದಳು.

"ಕೊಡಬಾರದು ಅಂತ ನಿನಗ ಗೊತ್ತಿತ್ತನವ್ವಾ?"

"ಗೊತ್ತಿತ್ರಿ. ಒಂದ ಗಳಿಗಿ ಕೈ ನಿಂತಿತ್ತು."

ಫಕೀರವ್ವ ಬೈಯಲಿಲ್ಲ, ಅಳಲಿಲ್ಲ. ನನ್ನನ್ನು ಸುಲೋಚನಾಳ ಅಂಗೈಯಲ್ಲಿ ಮತ್ತೆ ಇಟ್ಟಳು.

"ನಿಂತ ಕೈ ಮತ್ತ ಯಾಕ ಮುಂದ ಹೋತು?"

ಸುಲೋಚನಾ ನನ್ನ ಮೇಲೆ ಅಂಗೈ ಮುಚ್ಚಿದಳು. ಡಾಕ್ಟರು ಕಿಟಕಿಯ ಕಡೆ ತಿರುಗಿಕೊಂಡರು.

ಆಮೇಲೆ ನನ್ನನ್ನು ಯಾರೂ ಕೆಲಸಕ್ಕೆ ಹಚ್ಚಲಿಲ್ಲ. ನನಗೆ ಕೆಂಪು ಪಟ್ಟಿ ಸುತ್ತಿ ಥಿಯೇಟರಿನ ಹೊರಗಿನ ಡ್ರಾಯರಿನಲ್ಲಿ ಇಟ್ಟಿದ್ದಾರೆ. ಹೊಸ ಸಿಸ್ಟರ್ ಬಂದಾಗಲೆಲ್ಲ ಸುಲೋಚನಾ ನನ್ನನ್ನು ಅವಳ ಕೈಗಿಟ್ಟು, ತನ್ನ ಹೆಸರು ಹೇಳಿಯೇ ಈ ಕಥೆ ಹೇಳುತ್ತಾಳೆ. ಗೋಡೆಯಾಚೆಯಿಂದ ಆಗೀಗ ಒಂದು ಎಳೆಯ ದನಿ ಕೇಳುತ್ತದೆ: "ತಡೀರಿ ಸರ್, ಅದು ಚರ್ಮದ್ದು." ಡಾಕ್ಟರ್ ಹಳ್ಳಿಕೇರಿ ಚಾಚಿದ ಕೈಯನ್ನು ಹಿಂದೆ ತೆಗೆದುಕೊಳ್ಳುತ್ತಾರಂತೆ. ಆಗ ನನಗೆ ಸ್ವಲ್ಪ ಸಮಾಧಾನವಾಗುತ್ತದೆ.

ಆದರೆ ಪಕ್ಕದ ಕೋಣೆಯಲ್ಲಿ ಸಲಕರಣೆ ಬೇಯಿಸುವ ಯಂತ್ರ ಶುರುವಾದರೆ ಅದರ ಮುಚ್ಚಳ ಪಟಪಟ ಬಡಿದುಕೊಳ್ಳುತ್ತದೆ. ನನಗದು ರೊಟ್ಟಿ ಬಡಿಯುವ ಸದ್ದಾಗಿಯೇ ಕೇಳುತ್ತದೆ. ಫಕೀರವ್ವನ ಬಲಗೈ ಈಗ ಎದೆಯ ಮಟ್ಟಕ್ಕಿಂತ ಮೇಲೇಳುವುದಿಲ್ಲ. ಸೊಸೆ ಬಡಿದ ರೊಟ್ಟಿ ತಿನ್ನುತ್ತಾಳಂತೆ.