ದೊಡ್ಡಮ್ಮ ಕಲಿಸಿದ ಪಾಠ

ಜರ್ಮನ್ ಓದಿದವಳಿಗೆ ನಮ್ಮೂರು ನಾಟ್ರಾಂಪಾಳ್ಯದಲ್ಲಿ ಏನು ಕೆಲಸ ಅಂತ ಕೇಳುವವರಿಗೆ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಜರ್ಮನಿಯಲ್ಲಿ ಕಷ್ಟದ ಬರಹವನ್ನು ಎಲ್ಲರಿಗೂ ತಿಳಿಯುವ ಹಾಗೆ ಸರಳ ಜರ್ಮನ್‌ಗೆ ಇಳಿಸುತ್ತಾರೆ. ಅಂಥದ್ದೊಂದು ಸಕ್ಕರೆ ಕಾಯಿಲೆಯ ಕರಪತ್ರವನ್ನು ನಾನು ಕನ್ನಡಕ್ಕೆ ತಂದಿದ್ದೆ. ಕನ್ನಡಕ್ಕೆ ಬಂದ ಮೇಲೂ ಅದು ಸರಳವಾಗಿಯೇ ಉಳಿಯುತ್ತದೆಯೇ? ನನ್ನ ಪಿಎಚ್‌ಡಿ ಇಷ್ಟೇ. ಇಷ್ಟಕ್ಕೇ ನನ್ನ ಜೀವ ಅರ್ಧವಾಗಿತ್ತು.

ವಾರವೆಲ್ಲ ಮತ್ತಿಗಿರಿಯಲ್ಲಿ ಟ್ಯೂಷನ್ ಹೇಳಿ, ಭಾನುವಾರ ಬಸ್ಸಿನಲ್ಲಿ ಕುಲುಕಿಕೊಂಡು ಊರಿಗೆ ಬರುತ್ತಿದ್ದೆ. ಕಾಯಿಲೆಯವರ ಜಗಲಿಯಲ್ಲಿ ಕೂತು ಕರಪತ್ರ ಓದಿ ಹೇಳಿ, ಏನು ತಿಳಿಯಿತೋ ಅವರ ಬಾಯಲ್ಲೇ ಹೇಳಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡುವುದು.

ಎಲ್ಲರೂ ಹೇಳಿದರು. ಸರಾಗವಾಗಿ ಹೇಳಿದರು. ಹೆಬ್ಬೆಟ್ಟಿನ ತಿಮ್ಮರಾಜಣ್ಣನೂ ಕೈಕಟ್ಟಿ ನಿಂತು, "ಊಟ ಬುಟ್ಟಾಗ ಈ ಮಾತ್ರೆ ನುಂಗ್‌ಬಾರ್ದು ಕಣಮ್ಮ, ತಲೆ ತಿರುಗಿ ಬೀಳ್ತೀವಿ" ಅಂದ. ಗೈಡ್ ಮೇಡಂ ಖುಷಿಯಾಗಿ, ಈ ತಿಂಗಳೇ ಸಲ್ಲಿಸಿಬಿಡು ಎಂದರು. ಅಬ್ಬಾ, ಮುಗಿಯಿತಲ್ಲ ಅಂದುಕೊಂಡೆ.

ಆ ಶನಿವಾರ ದೊಡ್ಡಮ್ಮ ಗಂಗರತ್ನಮ್ಮ ಬಚ್ಚಲ ಹತ್ತಿರ ಕುಸಿದು ಬಿದ್ದಳು. ಶನಿವಾರ ಅವಳಿಗೆ ಉಪವಾಸ. ಹೊಟ್ಟೆಗೆ ಏನೂ ಇಲ್ಲ, ಸಕ್ಕರೆ ಕಾಯಿಲೆಯ ಮಾತ್ರೆ ಮಾತ್ರ ತಪ್ಪದೆ ನುಂಗಿದ್ದಳು.

ನಾನು ಆಸ್ಪತ್ರೆಗೆ ಓಡಿದೆ. ಕೈಗೆ ಡ್ರಿಪ್ ಹಾಕಿಸಿಕೊಂಡು ಮಲಗಿದ್ದ ಅವಳನ್ನು ಕಂಡು ಅಳುವೂ ಬಂತು, ಸಿಟ್ಟೂ ಬಂತು.

"ಅಲ್ಲ ದೊಡ್ಡಮ್ಮ, ಊಟ ಬುಟ್ಟಾಗ ಮಾತ್ರೆ ಬ್ಯಾಡ ಅಂತ ನೀನೇ ಯೋಳಿದ್ಯಲ್ಲ! ನಿನ್ ಬಾಯಲ್ಲೇ ಬಂದದ್ದು, ನನ್ ಮೊಬೈಲ್‌ನಾಗೈತೆ."

"ಅದು ನಿನ್ ಪರೀಕ್ಷೆಗೆ ಯೋಳಿದ್ದು ಕಣಮ್ಮ," ಅಂದಳು ಮೆಲ್ಲಗೆ. "ನೀ ಕೊಟ್ಟ ಕಾಗ್ದಾನ ಪಕ್ಕದ್ಮನೆ ಪವಿತ್ರನ ಕೈಲಿ ಓದಿಸ್ಕೊಂಡು ನಾನೇ ಬಾಯಿಪಾಠ ಮಾಡ್ದೆ. ಬೀದಿಯೋರ್ಗೆಲ್ಲಾ ಕಲಿಸ್ದೆ. ನಮ್ಮನೆ ಮಗು ಓದ್ತಾ ಐತೆ, ಯಾರೂ ತಪ್ಪು ಯೋಳ್‌ಬ್ಯಾಡ್ರಿ ಅಂತ. ತಿಮ್ಮರಾಜುಂಗೆ ಎಷ್ಟು ಯೋಳ್ಕೊಟ್ರೂ ತಲೆಗೇ ಹತ್ತಾಕಿಲ್ಲ, ಮುಂಡೇದುಕ್ಕೆ."

ನಾನು ಮಂಚದ ತುದಿಯಲ್ಲಿ ಕೂತುಬಿಟ್ಟೆ. ಅಷ್ಟು ಭಾನುವಾರಗಳು, ಅಷ್ಟು ಜಗಲಿಗಳು, ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗಿತ್ತು. ಹೊರಗೆ ಹೋಗಿ ಮೇಡಂಗೆ ಫೋನ್ ಮಾಡಿ, ಸಲ್ಲಿಸುವುದಿಲ್ಲ, ಮೊದಲಿನಿಂದ ಮಾಡುತ್ತೇನೆ ಎಂದೆ. ಅವರು ಸರಿ ಎಂದರು.

ಒಳಗೆ ಬಂದಾಗ ದೊಡ್ಡಮ್ಮ ನನ್ನನ್ನೇ ಕಾಯುತ್ತಿದ್ದಳು.

"ಪಾಸಾದ್ಯಾ ಭಾನು?"

"ಇಲ್ಲ ದೊಡ್ಡಮ್ಮ. ಇನ್ನೊಂದ್ ಸಲ ಮಾಡ್ಬೇಕು."

ಅವಳ ಕಣ್ಣು ತುಂಬಿ ಬಂತು. ಡ್ರಿಪ್ ಇಲ್ಲದ ಕೈಯಿಂದ ನನ್ನ ಮೊಣಕೈ ಹಿಡಿದುಕೊಂಡಳು.

"ಅಯ್ಯೋ ನನ್ ಕಂದಾ! ನಂಗೊತ್ತಿತ್ತು. ಆ ತಿಮ್ಮರಾಜುನೇ ತಪ್ಪು ಯೋಳಿರ್ಬೇಕು."